ಹೈಬ್ರಿಡ್ ನಿಯಂತ್ರಣ ವ್ಯವಸ್ಥೆ: ಹಂತ ಬದಲಾಗುವಲ್ಲೇ ನಿಜವಾದ ಪರೀಕ್ಷೆ

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದು ನಾನು ಆರಿಸಿಕೊಂಡಿರುವ ವಿಷಯದ ಹೆಸರು ಸ್ವಲ್ಪ ಭಾರವಾಗಿದೆ: ಹೈಬ್ರಿಡ್ ನಿಯಂತ್ರಣ ವ್ಯವಸ್ಥೆಗಳ ಸ್ಥಿರತೆ ಮತ್ತು ಔಟ್‌ಪುಟ್ ರೆಗ್ಯುಲೇಶನ್. ಹೆಸರು ಕೇಳಿ ಹೆದರಬೇಡಿ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದುತ್ತಿರುವವರಿಗೂ ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇನೆ. ಇಂಜಿನಿಯರಿಂಗ್ ಓದುತ್ತಿರುವವರಲ್ಲಿ ಒಬ್ಬಿಬ್ಬರಾದರೂ ಮುಂದೆ ಇದನ್ನು ಆಳವಾಗಿ ಅಭ್ಯಾಸ ಮಾಡಲಿ ಎಂಬುದು ನನ್ನ ಆಸೆ.

ಮೊದಲು ಹೈಬ್ರಿಡ್ ಎಂದರೇನು ಎಂಬುದನ್ನು ನೋಡೋಣ. ನಿಮ್ಮ ಮನೆಯ ಓವರ್‌ಹೆಡ್ ಟ್ಯಾಂಕನ್ನೇ ತೆಗೆದುಕೊಳ್ಳಿ. ಅದರೊಳಗಿನ ನೀರಿನ ಮಟ್ಟ ನಿಧಾನವಾಗಿ, ಎಲ್ಲೂ ಕಡಿಯದೆ ಏರುತ್ತದೆ, ಇಳಿಯುತ್ತದೆ. ಆದರೆ ಮೋಟಾರ್ ಹಾಗಲ್ಲ. ಅದು ಒಂದೋ ಆನ್, ಇಲ್ಲವೇ ಆಫ್. ಹೀಗೆ ನಿರಂತರವಾಗಿ ಹರಿಯುವ ಬದಲಾವಣೆಯೂ ಒಮ್ಮೆಲೇ ಜಿಗಿಯುವ ಬದಲಾವಣೆಯೂ ಒಟ್ಟಿಗೆ ಇರುವ ವ್ಯವಸ್ಥೆಯನ್ನು ಹೈಬ್ರಿಡ್ ವ್ಯವಸ್ಥೆ ಎನ್ನುತ್ತಾರೆ. ಫ್ರಿಜ್ಜು, ಲಿಫ್ಟು, ಗೇರ್ ಬದಲಿಸುವ ಕಾರು, ಕರೆಂಟು ಹೋದ ಕೂಡಲೇ ಬ್ಯಾಟರಿಗೆ ಬದಲಾಗುವ ಯುಪಿಎಸ್, ಇವೆಲ್ಲವೂ ಇದೇ ಜಾತಿಗೆ ಸೇರಿದವು.

ಈ ಟ್ಯಾಂಕಿನಲ್ಲಿಯೇ ಒಂದು ಪಾಠವಿದೆ. ಒಂದೇ ಗೆರೆಯ ಮೇಲೆ ನೀರು ಬಂದರೆ ಮೋಟಾರ್ ಆಫ್, ಕೆಳಗಿಳಿದರೆ ಆನ್ ಎಂದು ಇಟ್ಟರೆ ಏನಾಗುತ್ತದೆ? ನೀರು ಗೆರೆಯ ಬಳಿ ಸ್ವಲ್ಪ ಅಲುಗಾಡಿದರೂ ಮೋಟಾರ್ ಕ್ಷಣಕ್ಷಣಕ್ಕೂ ಆನ್, ಆಫ್ ಆಗಿ ಸುಟ್ಟುಹೋದೀತು. ಆದ್ದರಿಂದ ಎರಡು ಗೆರೆ ಇಡುತ್ತಾರೆ. ಕೆಳಗಿನ ಗೆರೆಗೆ ಇಳಿದಾಗ ಆನ್, ಮೇಲಿನ ಗೆರೆ ಮುಟ್ಟಿದಾಗ ಆಫ್. ನಡುವೆ ಇರುವಾಗ ಹಿಂದಿನ ಸ್ಥಿತಿಯೇ ಮುಂದುವರಿಯುತ್ತದೆ. ಮೋಟಾರೂ ಸರಿ ಇದೆ, ಟ್ಯಾಂಕೂ ಸರಿ ಇದೆ. ಕೆಡುವುದು ಬದಲಾವಣೆಯ ನಿಯಮ ತಪ್ಪಿದಾಗ. ಇಡೀ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ಈಗ ಸ್ಥಿರತೆಗೆ ಬರೋಣ. ಬಟ್ಟಲಿನಲ್ಲಿ ಇಟ್ಟ ಗೋಲಿಯನ್ನು ಸ್ವಲ್ಪ ತಳ್ಳಿದರೆ ಅದು ಅತ್ತಿತ್ತ ಓಡಾಡಿ ಕೊನೆಗೆ ತಳಕ್ಕೇ ಬಂದು ನಿಲ್ಲುತ್ತದೆ. ಇದು ಸ್ಥಿರ ವ್ಯವಸ್ಥೆ. ರಷ್ಯಾದ ಗಣಿತಜ್ಞ ಅಲೆಕ್ಸಾಂಡರ್ ಲ್ಯಾಪುನೋವ್ 1892ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಇದನ್ನು ಪರೀಕ್ಷಿಸುವ ದಾರಿ ತೋರಿಸಿದರು. ಸಮೀಕರಣವನ್ನು ಬಿಡಿಸಲೇಬೇಕಾಗಿಲ್ಲ. ಶಕ್ತಿಯಂತಹ ಒಂದು ಪ್ರಮಾಣವನ್ನು ಹುಡುಕಿ, ಅದು ಸದಾ ಇಳಿಯುತ್ತಲೇ ಇರುತ್ತದೆ ಎಂದು ತೋರಿಸಿದರೆ ಸಾಕು.

ಹಾಗಾದರೆ ಎರಡು ಸ್ಥಿರ ವ್ಯವಸ್ಥೆಗಳ ನಡುವೆ ಬದಲಾಯಿಸುತ್ತಿದ್ದರೆ ಒಟ್ಟು ವ್ಯವಸ್ಥೆಯೂ ಸ್ಥಿರವೇ? ಹೌದು ಎಂದು ಅನ್ನಿಸುತ್ತದೆ. ಆದರೆ ಉತ್ತರ: ಇರಲೇಬೇಕೆಂದಿಲ್ಲ. ಇದಕ್ಕೆ ಸಾಕ್ಷಿ ನಮ್ಮ ಜೋಕಾಲಿ. ಮಣೆಯ ಮೇಲೆ ಹುಡುಗನೊಬ್ಬ ಕುಕ್ಕರುಗಾಲಿನಲ್ಲಿ ಕುಳಿತೇ ಇದ್ದರೆ ಜೋಕಾಲಿ ಮೆಲ್ಲನೆ ನಿಲ್ಲುತ್ತದೆ. ನೇರವಾಗಿ ನಿಂತೇ ಇದ್ದರೂ ಮೆಲ್ಲನೆ ನಿಲ್ಲುತ್ತದೆ. ಎರಡೂ ಸ್ಥಿರ ಹಂತಗಳೇ. ಆದರೆ ಅದೇ ಹುಡುಗ ಜೋಕಾಲಿ ಕೆಳಗೆ ಬಂದಾಗ ಎದ್ದು ನಿಂತು, ತುದಿಗೆ ಹೋದಾಗ ಕುಕ್ಕರಿಸಿದರೆ ಜೋಕಾಲಿ ಪ್ರತಿ ಸಲವೂ ಹೆಚ್ಚು ಎತ್ತರಕ್ಕೆ ಏರುತ್ತದೆ. ಹಂತದೊಳಗೆ ಇಳಿಯುತ್ತಿದ್ದ ಶಕ್ತಿ ಹಂತ ಬದಲಾಗುವ ಕ್ಷಣದಲ್ಲಿ ಏರಿತು. ಇದಕ್ಕೆ ವಿರುದ್ಧವಾಗಿ, ಕೆಳಗೆ ಬಂದಾಗ ಕುಕ್ಕರಿಸಿ ತುದಿಯಲ್ಲಿ ಎದ್ದು ನಿಂತರೆ ಜೋಕಾಲಿ ಬೇಗನೆ ನಿಲ್ಲುತ್ತದೆ. ಹುಡುಗನೂ ಅವನೇ, ಜೋಕಾಲಿಯೂ ಅದೇ. ವ್ಯತ್ಯಾಸವಿರುವುದು ಬದಲಿಸುವ ಸಮಯದಲ್ಲಿ ಮಾತ್ರ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಒಂದು ಪರಿಹಾರ ಸರಳವಾದದ್ದು. ಒಂದು ಹಂತಕ್ಕೆ ಬಂದ ಮೇಲೆ ಅಲ್ಲಿ ಸಾಕಷ್ಟು ಹೊತ್ತು ನಿಲ್ಲಬೇಕು. ಜಿಗಿತದಲ್ಲಿ ಏರಿದ ಶಕ್ತಿ ಅಷ್ಟು ಹೊತ್ತಿಗೆ ಕರಗಿಹೋಗಿರುತ್ತದೆ. ಈ ಕನಿಷ್ಠ ಅವಧಿಯನ್ನು ಡ್ವೆಲ್ ಟೈಮ್ ಎಂದು ಕರೆಯುತ್ತಾರೆ. 1999ರಲ್ಲಿ ಹೆಸ್ಪಾನಾ ಮತ್ತು ಮೋರ್ಸ್ ಇನ್ನೂ ಮುಂದೆ ಹೋಗಿ, ಒಮ್ಮೊಮ್ಮೆ ಬೇಗ ಬದಲಾಯಿಸಿದರೂ ಸರಾಸರಿ ನಿಧಾನವಾಗಿದ್ದರೆ ಸ್ಥಿರತೆ ಉಳಿಯುತ್ತದೆ ಎಂದು ತೋರಿಸಿದರು.

ಎರಡನೆಯ ಭಾಗ ಔಟ್‌ಪುಟ್ ರೆಗ್ಯುಲೇಶನ್. ಯಂತ್ರ ಸುಮ್ಮನೆ ಸ್ಥಿರವಾಗಿದ್ದರೆ ಸಾಲದು. ಹೊರಗಿನ ಅಡ್ಡಿಗಳ ನಡುವೆಯೂ ನಾವು ಹೇಳಿದ ಗುರಿಯನ್ನು ಅದು ನಿಖರವಾಗಿ ಹಿಡಿಯಬೇಕು. ನದಿ ದಾಟುವ ದೋಣಿಯನ್ನು ನೆನೆಯಿರಿ. ನೇರವಾಗಿ ಎದುರು ದಡಕ್ಕೆ ಹೋಗಬೇಕು, ಆದರೆ ಹರಿವು ಒಂದೇ ಸಮನೆ ಕೆಳಗೆ ಎಳೆಯುತ್ತದೆ. ದೋಣಿ ಎಷ್ಟು ಜಾರಿತೋ ಅಷ್ಟಕ್ಕೆ ತಕ್ಕಂತೆ ಮಾತ್ರ ಹುಟ್ಟು ತಿರುಗಿಸುವವನು ಎಂದೂ ಸರಿಯಾದ ಗೆರೆಗೆ ಬರುವುದಿಲ್ಲ. ಗೆರೆಗೆ ಬಂದ ಕೂಡಲೇ ಅವನು ತಿದ್ದುವುದನ್ನು ನಿಲ್ಲಿಸುತ್ತಾನೆ, ಹರಿವು ಮತ್ತೆ ಎಳೆಯುತ್ತದೆ. ಆದರೆ ಇದುವರೆಗಿನ ಜಾರುವಿಕೆಯನ್ನೆಲ್ಲ ಕೂಡಿಸಿ ಲೆಕ್ಕವಿಟ್ಟು ತಿದ್ದುವವನು ಗೆರೆಯ ಮೇಲೆಯೇ ಉಳಿಯುತ್ತಾನೆ. ಅವನ ಲೆಕ್ಕದೊಳಗೆ ನದಿಯ ಹರಿವೇ ಅಡಗಿರುತ್ತದೆ.

ಫ್ರಾನ್ಸಿಸ್ ಮತ್ತು ವೊನ್ಹಮ್ 1976ರಲ್ಲಿ ಗಣಿತದಿಂದ ಸ್ಥಾಪಿಸಿದ್ದು ಇದನ್ನೇ. ಅಡ್ಡಿಯನ್ನು ಪೂರ್ತಿಯಾಗಿ ಗೆಲ್ಲಬೇಕಾದರೆ ಆ ಅಡ್ಡಿಯ ಮಾದರಿ ನಿಯಂತ್ರಕದೊಳಗೇ ಇರಬೇಕು. ಇದನ್ನು ಆಂತರಿಕ ಮಾದರಿ ತತ್ವ ಎನ್ನಬಹುದು. ನಮ್ಮ ವಿದ್ಯುತ್ ಜಾಲ ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ. ಹಾಗಾಗಿ ಜಾಲಕ್ಕೆ ಜೋಡಿಸುವ ಎಷ್ಟೋ ಸೋಲಾರ್ ಇನ್ವರ್ಟರ್‌ಗಳ ನಿಯಂತ್ರಕದೊಳಗೆ 50 ಹರ್ಟ್ಸ್‌ನ ಆಂದೋಲಕವೊಂದನ್ನು ಲೆಕ್ಕದ ರೂಪದಲ್ಲಿ ಇಟ್ಟಿರುತ್ತಾರೆ.

ಈಗ ಎರಡೂ ಭಾಗಗಳನ್ನು ಜೋಡಿಸಿ ನೋಡಿ. ದೋಣಿ ನಡುನದಿಯಲ್ಲಿ ಒಂದು ಕುದ್ರುವಿನ ಮರೆಗೆ ಬಂತು, ಹರಿವು ಒಮ್ಮೆಲೇ ನಿಂತಿತು ಎನ್ನಿ. ಅಂಬಿಗನು ಕೂಡಿಸಿಟ್ಟ ಹಳೆಯ ಲೆಕ್ಕವೇ ಈಗ ಅವನನ್ನು ತಪ್ಪು ದಿಕ್ಕಿಗೆ ಒಯ್ಯುತ್ತದೆ. ಹಂತ ಬದಲಾದಾಗ ಹಿಂದಿನ ಲೆಕ್ಕವನ್ನು ಉಳಿಸಬೇಕೇ, ಅಳಿಸಬೇಕೇ, ತಿದ್ದಬೇಕೇ? ಹೈಬ್ರಿಡ್ ನಿಯಂತ್ರಣದ ಕಠಿಣ ಪ್ರಶ್ನೆಯೇ ಇದು. ದೋಷ ಸೊನ್ನೆಯನ್ನು ದಾಟಿದ ಕೂಡಲೇ ಕೂಡಿಸಿದ ಲೆಕ್ಕವನ್ನು ಅಳಿಸಿ ಹೊಸದಾಗಿ ಆರಂಭಿಸುವ ಸಾಧನವೊಂದನ್ನು ಜೆ. ಸಿ. ಕ್ಲೆಗ್ 1958ರಲ್ಲೇ ಸೂಚಿಸಿದ್ದರು.

ಇದೆಲ್ಲ ಬರೀ ಪುಸ್ತಕದ ಮಾತಲ್ಲ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರನತ್ತ ಇಳಿಯಿತು. ನಿಯಂತ್ರಣ ಕೇಂದ್ರವಿದ್ದದ್ದು ನಮ್ಮ ಬೆಂಗಳೂರಿನಲ್ಲೇ. ಇಳಿಯುವ ಕೆಲಸವನ್ನು ಹಂತಗಳಾಗಿ ವಿಂಗಡಿಸಿದ್ದರು. ಮೊದಲ ಹಂತದಲ್ಲಿ 30 ಕಿ.ಮೀ. ಎತ್ತರದಿಂದ 7.4 ಕಿ.ಮೀ.ಗೆ ಇಳಿಯುತ್ತಾ ವೇಗವನ್ನು ಸೆಕೆಂಡಿಗೆ 1683 ಮೀಟರಿನಿಂದ 146 ಮೀಟರಿಗೆ ತಗ್ಗಿಸಬೇಕಿತ್ತು. ಅದು ಸರಿಯಾಗಿಯೇ ಆಯಿತು. ಎರಡನೆಯ ಹಂತದಲ್ಲಿ ವೇಗ ನಿಗದಿಗಿಂತ ಹೆಚ್ಚು ತಗ್ಗಿತು. ಇದರಿಂದ ಮುಂದಿನ ಸೂಕ್ಷ್ಮ ಬ್ರೇಕಿಂಗ್ ಹಂತ ಆರಂಭವಾಗುವಾಗ ಇರಬೇಕಿದ್ದ ಸ್ಥಿತಿ ವಿನ್ಯಾಸದ ಮಿತಿಯನ್ನು ಮೀರಿತ್ತು ಎಂದು ಸರ್ಕಾರ 2019ರ ನವೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ವಿಕ್ರಮ್ ಗೊತ್ತುಪಡಿಸಿದ ಜಾಗದಿಂದ 500 ಮೀಟರಿನೊಳಗೇ ತಲುಪಿತು, ಆದರೆ ಅಪ್ಪಳಿಸಿ ಬಿದ್ದಿತು.

ಇದರ ಕಾರಣಗಳನ್ನು ಇಸ್ರೋದ ಅಂದಿನ ಅಧ್ಯಕ್ಷ ಎಸ್. ಸೋಮನಾಥ್ 2023ರ ಜುಲೈನಲ್ಲಿ ಬಿಚ್ಚಿಟ್ಟರು. ಇಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ಬಲ ನೀಡಿದವು. ದೋಷಗಳು ಕೂಡುತ್ತಾ ಹೋದವು. ಅವನ್ನು ಸರಿಪಡಿಸಲು ನೌಕೆ ಬಹಳ ವೇಗವಾಗಿ ತಿರುಗಬೇಕಾಯಿತು, ಆದರೆ ಅಷ್ಟು ವೇಗದ ತಿರುವಿಗೆ ಸಾಫ್ಟ್‌ವೇರ್‌ನಲ್ಲಿ ಅವಕಾಶವಿರಲಿಲ್ಲ. ಜೊತೆಗೆ ಇಳಿಯುವ ಜಾಗ ಕೇವಲ 500 ಮೀಟರ್ ಉದ್ದಗಲದ್ದಾಗಿತ್ತು. ಒಂದು ಹಂತದಲ್ಲಿ ಉಳಿದ ಬಾಕಿ ಮುಂದಿನ ಹಂತದ ಹೆಗಲೇರಿತು.

ಚಂದ್ರಯಾನ-3ರಲ್ಲಿ ಈ ಪಾಠವನ್ನು ಕಲಿತು ತಿದ್ದಿದರು. ಇಳಿಯುವ ಜಾಗವನ್ನು 4 ಕಿ.ಮೀ. ಉದ್ದ, ಸುಮಾರು 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಐದು ಇಂಜಿನ್‌ಗಳ ಬದಲು ನಾಲ್ಕು ಇಟ್ಟರು. ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣವನ್ನು ಸೇರಿಸಿದರು. ಹೆಚ್ಚು ಇಂಧನ ತುಂಬಿದರು, ಕಾಲುಗಳನ್ನು ಬಲಪಡಿಸಿದರು. ಎಲ್ಲವೂ ಸರಿ ಇದ್ದರೆ ಹೇಗೆ ಇಳಿಯುವುದು ಎಂಬುದಕ್ಕಿಂತ, ಏನೇನು ತಪ್ಪಿದರೂ ಹೇಗೆ ಇಳಿಯುವುದು ಎಂದು ಯೋಚಿಸಿದರು. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಮೃದುವಾಗಿ ಇಳಿದದ್ದನ್ನು ನೀವೆಲ್ಲರೂ ಟಿವಿಯಲ್ಲಿ ನೋಡಿದ್ದೀರಿ.

ವಿದ್ಯಾರ್ಥಿ ಮಿತ್ರರೇ, ನಮ್ಮ ಪರೀಕ್ಷೆಗಳಲ್ಲಿ ಪ್ರತಿ ಹಂತವನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ, ನಾವೂ ಹಾಗೆಯೇ ಓದುತ್ತೇವೆ. ಇನ್ನು ಮುಂದೆ ಯಾವುದೇ ಯಂತ್ರವನ್ನು ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವಾಗ ಹಂತ ಬದಲಿಸುತ್ತದೆ? ಬದಲಿಸುವಾಗ ಹಿಂದಿನ ಹಂತದಿಂದ ಏನನ್ನು ಹೊತ್ತುಕೊಂಡು ಹೋಗುತ್ತದೆ? ಎಣಿಸಿದ ಸ್ಥಿತಿಯಲ್ಲಿ ಇಲ್ಲದಿದ್ದರೆ ಏನು ಮಾಡುತ್ತದೆ? ಆಸ್ಪತ್ರೆಯ ವೆಂಟಿಲೇಟರ್ ಆಗಲಿ, ಬಸ್ಸಿನ ಬ್ರೇಕ್ ಆಗಲಿ, ಈ ಪ್ರಶ್ನೆಗಳ ಉತ್ತರದ ಮೇಲೆ ಯಾರದ್ದೋ ಜೀವ ನಿಂತಿರುತ್ತದೆ.

ಇದನ್ನು ಕಲಿಯಲು ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಡಿಫರೆನ್ಷಿಯಲ್ ಸಮೀಕರಣ, ಮ್ಯಾಟ್ರಿಕ್ಸ್ ಮತ್ತು ಡಿಜಿಟಲ್ ತರ್ಕ, ಈ ಮೂರರಲ್ಲಿ ಬುನಾದಿ ಗಟ್ಟಿಯಾಗಿರಲಿ. ಸೈಲ್ಯಾಬ್, ಪೈಥಾನ್ ಉಚಿತವಾಗಿ ಸಿಗುತ್ತವೆ. ಎನ್‌ಪಿಟಿಇಎಲ್‌ನಲ್ಲಿ ನಿಯಂತ್ರಣ ಶಾಸ್ತ್ರದ ಪಾಠಗಳಿವೆ. ಮುಂದೆ ಹೋಗಬೇಕೆನ್ನುವವರಿಗೆ 2003ರಲ್ಲಿ ಬಂದ ಡೇನಿಯಲ್ ಲಿಬರ್ಝೋನ್ ಅವರ ಪುಸ್ತಕವೂ, 2012ರಲ್ಲಿ ಬಂದ ಗೋಬೆಲ್, ಸ್ಯಾನ್‌ಫೆಲಿಸ್ ಮತ್ತು ಟೀಲ್ ಅವರ ಪುಸ್ತಕವೂ ಇವೆ. ರಜೆಯಲ್ಲಿ ಟ್ಯಾಂಕಿನ ಎರಡು ಗೆರೆಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆದು ನೋಡಿ. ಆಮೇಲೆ ಜೋಕಾಲಿಯನ್ನು ಪ್ರಯತ್ನಿಸಿ. ಮಾಡಿದ್ದನ್ನು ನಿಮ್ಮ ಅಧ್ಯಾಪಕರಿಗೆ ತೋರಿಸಿ.