ಮೊದಲ ತೂಕ ನೀವೇ ಹಿಡಿಯಿರಿ

ಕೆಂಭಾವಿಯ ತರುಣ ತರುಣಿಯರೇ,

2021ರ ಡಿಸೆಂಬರ್‌ನಲ್ಲಿ ನಮ್ಮ ಯಾದಗಿರಿಯೂ ಸೇರಿ ಈ ಭಾಗದ ಕೆಲವು ಜಿಲ್ಲೆಗಳ ಬಿಸಿಯೂಟದಲ್ಲಿ ತತ್ತಿ ಕೊಡಲು ಶುರುಮಾಡಿದರು. ತಿನ್ನದವರಿಗೆ ಬಾಳೆಹಣ್ಣು. ಬೇಕು, ಬೇಡ ಎಂದು ರಾಜ್ಯದ ತುಂಬ ಜಗ್ಗಾಟ ನಡೆಯಿತು. ಕೆಲವು ಮಠಾಧೀಶರು ವಿರೋಧಿಸಿದರು, ಗಂಗಾವತಿಯ ಶಾಲಾ ಬಾಲಕಿಯರು ನಮಗೆ ಬೇಕೇ ಬೇಕು ಎಂದು ಎದೆಗೊಟ್ಟು ಮಾತಾಡಿದರು. ಆ ಗದ್ದಲದ ನಡುವೆಯೇ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ತತ್ತಿ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗ ಜಿಲ್ಲೆಯ ಮಕ್ಕಳನ್ನೂ ಅಳೆದು ಹೋಲಿಸಿದರು. ನಮ್ಮ ಮಕ್ಕಳ ತೂಕ, ಅದರಲ್ಲೂ ಹೆಣ್ಣುಮಕ್ಕಳದು, ಹೆಚ್ಚು ಏರಿತ್ತು. 2022ರಲ್ಲಿ ತತ್ತಿ ರಾಜ್ಯದ ಎಲ್ಲ ಜಿಲ್ಲೆಗಳ ತಟ್ಟೆಗೂ ಬಂತು.

ನಮ್ಮ ಮಕ್ಕಳನ್ನು ಅಳೆದವರು ಗದಗಿನಿಂದ ಬಂದರು. ಮುಂದಿನ ಸಲ ಅಳೆಯುವವರು ನೀವಾಗಬೇಕು.

ಈ ವಿದ್ಯೆಯ ಬೇರು ನಿಮ್ಮ ಹೊಲದಲ್ಲೇ ಇದೆ. ಹೊಸ ಹತ್ತಿ ಬೀಜ ಬಂದಾಗ ನಿಮ್ಮಪ್ಪ ಇಡೀ ಹೊಲಕ್ಕೆ ಅದನ್ನೇ ಹಾಕುವುದಿಲ್ಲ, ಪಕ್ಕದಲ್ಲಿ ಹಳೆಯದನ್ನೂ ಹಾಕಿ ನೋಡುತ್ತಾನೆ. ಆರೋಗ್ಯ ಕಾರ್ಯಕ್ರಮದ ಮೌಲ್ಯಮಾಪನವೂ ಅಲ್ಲಿಂದಲೇ ಹೊರಡುತ್ತದೆ. ಆಮೇಲೆ ಬೇಕಾಗುವುದು ಶಿಸ್ತು. ತೂಕದ ಯಂತ್ರದ ಮುಳ್ಳು ಸೊನ್ನೆಗೆ ನಿಂತಿದೆಯೇ ಎಂದು ಪ್ರತಿ ಸಲ ನೋಡಬೇಕು. ಮಗುವಿನ ಚಪ್ಪಲಿ ಬಿಡಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ಜಡೆಯ ಗಂಟು ಎತ್ತರಕ್ಕೆ ಸೇರದಂತೆ ಸರಿಸಿ ಅಳೆಯಬೇಕು. ಇಷ್ಟು ಮಾಡದೆ ಬರೆದ ಅಂಕಿಯ ಮೇಲೆ ನಿರ್ಧಾರ ಕೈಗೊಂಡರೆ ಅದು ಮಕ್ಕಳಿಗೆ ಮಾಡುವ ಅನ್ಯಾಯ.

ಒಳ್ಳೆಯ ಫಲಿತಾಂಶವನ್ನೂ ಪ್ರಶ್ನಿಸಲು ಕಲಿಯಿರಿ. ಗದಗ ಮತ್ತು ಯಾದಗಿರಿ ಒಂದೇ ಬಗೆಯ ಜಿಲ್ಲೆಗಳಲ್ಲ. ಮೊದಲೇ ಬಡಕಲಾಗಿದ್ದ ಮಗು ತುಸು ಆಹಾರಕ್ಕೂ ಬೇಗ ಮೈತುಂಬಿಕೊಂಡೀತು. ತೂಕ ಏರಿತು, ಎತ್ತರ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ಜಿಲ್ಲೆಯ ಐದು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ರಾಜ್ಯದ ಸರಾಸರಿ ಶೇ 35. ಈ ಕೊರತೆ ಶಾಲೆಗೆ ಸೇರುವ ಮೊದಲೇ, ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಶುರುವಾಗುತ್ತದೆ. ಹಾಗಾದರೆ ಯೋಜನೆ ಬಸುರಿಯರಿಂದ ಆರಂಭವಾಗಬೇಕಲ್ಲವೇ?

ಕಾರಣ ಹಿಡಿಯದೆ ಹಾಕಿದ ಯೋಜನೆ ದುಡ್ಡು ದಂಡ. ಇದೇ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಜನರ ಚರ್ಮದ ಮೇಲೆ ಕಲೆ, ಗಂಟು ಎದ್ದವು. ಕುಡಿಯುವ ನೀರನ್ನು ಪರೀಕ್ಷಿಸಿದಾಗ ಅದರಲ್ಲಿ ಆರ್ಸೆನಿಕ್ ಎಂಬ ವಿಷ ಇತ್ತು. ಅಂಥಲ್ಲಿ ಎಷ್ಟು ಮುಲಾಮು ಹಂಚಿದರೇನು, ನೀರು ಬದಲಾಗದಿದ್ದರೆ?

ಹೊರಗಿನವರಿಗೆ ಸುಲಭಕ್ಕೆ ಕಾಣದ್ದು ನಿಮಗೆ ಗೊತ್ತಿದೆ. ಸುಗ್ಗಿ ಮುಗಿದರೆ ಅರ್ಧ ಓಣಿ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತದೆ. ಮೊದಲ ಸಲ ತೂಗಿದ ಮಗು ಎರಡನೇ ಸಲ ಊರಲ್ಲೇ ಇರುವುದಿಲ್ಲ. ಉಳಿದವರನ್ನಷ್ಟೇ ಲೆಕ್ಕ ಹಿಡಿದರೆ ಅತಿ ಬಡವರ ಮಕ್ಕಳೇ ಕಾಗದದಿಂದ ಜಾರಿಹೋಗುತ್ತಾರೆ. ಯಾರ ಮನೆಗೆ ಯಾವಾಗ ಬೀಗ ಬೀಳುತ್ತದೆ ಎಂದು ಬಲ್ಲ ನೀವು ಈ ಕೆಲಸಕ್ಕೆ ಬರದಿದ್ದರೆ ಇನ್ಯಾರು ಬರಬೇಕು?

ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆಂದು ಕಲಬುರಗಿಯಲ್ಲಿ ರೂಮು ಹಿಡಿದವರೇ, ಓದು ಬಿಡಿ ಎನ್ನುತ್ತಿಲ್ಲ. ಗದಗಿನ ಅದೇ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸ್ ಇದೆ, ವಿಚಾರಿಸಿ. ಅಲ್ಲಿಯವರೆಗೂ ಕಾಯಬೇಕಿಲ್ಲ. ಸುತ್ತಲಿನ ಪ್ರತಿ ಹಳ್ಳಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರಬೇಕು. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿಯ ಅವಕಾಶ ಅದಕ್ಕಿದೆ. ಆಶಾ ಅಕ್ಕನನ್ನು ಕೇಳಿ ಅದರ ಮುಂದಿನ ಸಭೆಗೆ ಹೋಗಿ ಕೂಡಿರಿ. ಹೋದ ವರ್ಷ ಹಣ ಯಾವುದಕ್ಕೆ ಹೋಯಿತು, ಅದರಿಂದ ಏನು ಬದಲಾಯಿತು, ಬದಲಾಯಿತೆಂದು ಹೇಗೆ ಗೊತ್ತಾಯಿತು ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಉತ್ತರ ಬರದಿದ್ದರೆ ಜಗಳ ಬೇಡ, ಒಂದು ನೋಟ್‌ಬುಕ್ ತನ್ನಿ. ಅಂಗನವಾಡಿ ಟೀಚರ್ ಜೊತೆ ಕೂತು ಓಣಿಯ ಮಕ್ಕಳ ಹೆಸರು, ವಯಸ್ಸು, ತೂಕ, ಎತ್ತರ ಬರೆಯಿರಿ. ಗುಳೆ ಹೋಗುವ ಮನೆಗಳ ಮುಂದೆ ಒಂದು ಗುರುತು ಹಾಕಿ, ಹೋದ ಊರು, ಮರಳುವ ತಿಂಗಳು ಬರೆದಿಡಿ. ದೀಪಾವಳಿ ಮುಗಿದು ಗಾಡಿಗಳು ಊರು ಬಿಡುವುದರೊಳಗೆ ಮೊದಲ ತೂಕ ಆಗಿರಲಿ.