ಎರಡನೆಯ ಆಲ್ಬಂ: ಊರೂರು ತಿರುಗುವ ಹಾಡುಗಾರರು ಮತ್ತು ಕೋಲಾರದ ಕಿವಿ



ದತ್ತಿ ಉಪನ್ಯಾಸಕ್ಕೆ ಒಬ್ಬ ಕವಿಯನ್ನೋ ಒಂದು ಕೃತಿಯನ್ನೋ ಆಯ್ದುಕೊಳ್ಳುವುದು ರೂಢಿ. ನಾನು ಇವತ್ತು ಒಂದು ಇಕ್ಕಟ್ಟನ್ನು ಆಯ್ದುಕೊಂಡಿದ್ದೇನೆ. ತಾನೇ ಪದ ಕಟ್ಟಿ, ತಾನೇ ಧಾಟಿ ಹುಡುಕಿ, ಊರೂರು ತಿರುಗಿ ಹಾಡುವವರು ಒಂದು ಆಲ್ಬಂ ಮಾಡಿ ಹೆಸರಾಗುತ್ತಾರೆ. ಆಮೇಲೆ ಎರಡನೆಯದನ್ನು ಮಾಡಲು ಕೂರುತ್ತಾರೆ. ಮೊದಲನೆಯದರ ಹಿಂದೆ ಹುಟ್ಟಿನಿಂದ ಅಲ್ಲಿಯವರೆಗಿನ ಬದುಕೆಲ್ಲ ಇರುತ್ತದೆ. ಎರಡನೆಯದರ ಹಿಂದೆ ಇರುವುದು ಬಸ್ಸು, ರೈಲು, ವಿಮಾನ, ಗೊತ್ತಿಲ್ಲದ ಊರಿನ ವೇದಿಕೆ ಮತ್ತು ಕೈಯಲ್ಲಿ ಉಳಿದ ಕೆಲವೇ ತಿಂಗಳು. ಮೊದಲಿನ ಹಾಗೆಯೇ ಹಾಡಿದರೆ ಸರಕು ಮುಗಿಯಿತು ಎನ್ನುತ್ತಾರೆ. ಬೇರೆ ಥರ ಹಾಡಿದರೆ ದಾರಿ ತಪ್ಪಿದ ಎನ್ನುತ್ತಾರೆ. ಈ ಎರಡು ಮಾತಿನ ನಡುವೆ ಸಿಕ್ಕಿಕೊಂಡ ಹಾಡುಗಾರರ ಬಗ್ಗೆ ನನಗೆ ಬಹಳ ಕಾಳಜಿ ಇದೆ. ಅವರನ್ನು ನ್ಯಾಯವಾಗಿ ಕೇಳಿಸಿಕೊಳ್ಳಬಲ್ಲ ಕಿವಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ಇದೆ ಎಂಬುದು ನನ್ನ ನಂಬಿಕೆ. ಅದನ್ನು ನಿಮ್ಮ ಮುಂದೆ ಸ್ಥಾಪಿಸಲು ಪ್ರಯತ್ನಿಸುತ್ತೇನೆ.

ಮೊದಲು ದೂರದ ಒಂದು ಉದಾಹರಣೆ. ಮನು ಚಾವೊ ಎಂಬ ಹಾಡುಗಾರ 1961ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ. ತಂದೆ ಸ್ಪೇನಿನ ಗಲೀಸಿಯದವರು, ಪತ್ರಕರ್ತ ಮತ್ತು ಬರಹಗಾರ ರಾಮೋನ್ ಚಾವೊ. ತಾಯಿ ಬಾಸ್ಕ್ ನಾಡಿನವರು. ಮನೆಯ ಮಾತು ಸ್ಪ್ಯಾನಿಷ್, ಬೀದಿಯ ಮಾತು ಫ್ರೆಂಚ್. ಮೊದಲು ಮಾನೊ ನೆಗ್ರ ಎಂಬ ತಂಡ ಕಟ್ಟಿಕೊಂಡು ತಿರುಗಿದ. 1992ರಲ್ಲಿ ಆ ತಂಡ ಹಡಗು ಹತ್ತಿ ಲ್ಯಾಟಿನ್ ಅಮೆರಿಕದ ಬಂದರುಗಳಲ್ಲಿ ಹಾಡಿತು. ಮರುವರ್ಷ ಕೊಲಂಬಿಯಾದಲ್ಲಿ ಒಂದು ರೈಲನ್ನೇ ರಂಗಮಂಚ ಮಾಡಿಕೊಂಡು ನಿಲ್ದಾಣದಿಂದ ನಿಲ್ದಾಣಕ್ಕೆ ಹೋಯಿತು. ತಂದೆಯೂ ಆ ರೈಲಿನಲ್ಲಿದ್ದರು, ಆ ಪಯಣದ ಬಗ್ಗೆ ಪುಸ್ತಕ ಬರೆದರು. ತಂಡ ಒಡೆದ ಮೇಲೆ ಮನು ಒಬ್ಬನೇ ತಿರುಗಿದ, ಹೊತ್ತು ಸಾಗಿಸಬಹುದಾದ ಧ್ವನಿಮುದ್ರಣ ಸಲಕರಣೆಯೊಂದಿಗೆ. 1998ರಲ್ಲಿ ಬಂದ 'ಕ್ಲಾಂದೆಸ್ತಿನೊ' ಅವನ ಮೊದಲ ಒಂಟಿ ಆಲ್ಬಂ. ಕಾಗದಪತ್ರವಿಲ್ಲದೆ ಗಡಿ ದಾಟುವವರ ಸಂಕಟ ಅದರ ಜೀವ. ಅದು ಲೋಕವನ್ನೆಲ್ಲ ಸುತ್ತಿತು.

ಎರಡನೆಯದು 2001ರಲ್ಲಿ ಬಂತು. ಅದಕ್ಕೆ ಅವನು ಇಟ್ಟ ಹೆಸರು ಮ್ಯಾಡ್ರಿಡ್ ಮೆಟ್ರೊ ರೈಲಿನ ಒಂದು ಪ್ರಕಟಣೆ: ಮುಂದಿನ ನಿಲ್ದಾಣ ಎಸ್ಪೆರಾನ್ಸ. ಆ ಹೆಸರಿನ ನಿಲ್ದಾಣ ಅಲ್ಲಿ ನಿಜಕ್ಕೂ ಇದೆ. ಆ ಪದಕ್ಕೆ ಭರವಸೆ ಎಂದು ಅರ್ಥ. ಸ್ಪ್ಯಾನಿಷ್, ಫ್ರೆಂಚ್, ಇಂಗ್ಲಿಷ್, ಪೋರ್ಚುಗೀಸ್, ಅರಬ್ಬಿ, ಎಲ್ಲವೂ ಅದರಲ್ಲಿ ಬರುತ್ತವೆ. ಆದರೆ ನನ್ನ ವಾದಕ್ಕೆ ಬೇಕಾದದ್ದು ಬೇರೊಂದು ಸಂಗತಿ. ಮೊದಲ ಆಲ್ಬಮ್ಮಿನ ಒಂದು ಹಾಡಿನ ವಾದ್ಯದ ನೆಯ್ಗೆಯನ್ನೇ ಅವನು ಇಲ್ಲಿ ಮತ್ತೆ ತಂದು, ಅದರ ಮೇಲೆ ಪೋರ್ಚುಗೀಸ್ ಭಾಷೆಯ ಹೊಸ ಮಾತು ಕೂರಿಸಿದ. ಇದು ಹಳೆಯ ಆಲ್ಬಮ್ಮಿನ ಬಾಲ ಎಂದು ಹಲವು ವಿಮರ್ಶಕರು ಮುಖ ಸಿಂಡರಿಸಿದರು. ಕೇಳುಗರು ಅದನ್ನೂ ಎತ್ತಿಕೊಂಡು ಹಾಡಿದರು.

ಆ ಟೀಕೆಯನ್ನು ನಮ್ಮ ಊರಿನ ಕೇಳಿಕೆ ಎಂಬ ಬಯಲಾಟದ ಒಬ್ಬ ಭಾಗವತರ ಮುಂದೆ ಇಟ್ಟು ನೋಡಿ. ಅವರಿಗೆ ಅದರಲ್ಲಿ ತಪ್ಪೇನೆಂದು ಅರ್ಥವೇ ಆಗಲಾರದು. ಒಂದು ಮಟ್ಟಿಗೆ ಹತ್ತು ಪದ ಹಾಕುವುದು ನಮ್ಮಲ್ಲಿ ಹಾಡು ಕಟ್ಟುವ ಮೂಲ ರೀತಿ. ಕಂಪನಿ ನಾಟಕದ ಹಾಡಿನ ಪುಸ್ತಕ ತೆರೆದರೆ ಹಾಡಿನ ತಲೆಯ ಮೇಲೆ 'ಇಂಥ ಹಾಡಿನ ಮಟ್ಟು' ಎಂದು ಸಂಕೋಚವಿಲ್ಲದೆ ಅಚ್ಚು ಹಾಕಿರುತ್ತಾರೆ. ಕೇಳುವವನಿಗೆ ಧಾಟಿ ಮೊದಲೇ ಗೊತ್ತಿದ್ದರೆ ಅವನ ಗಮನವೆಲ್ಲ ಹೊಸ ಮಾತಿನ ಮೇಲೆ ನಿಲ್ಲುತ್ತದೆ. 1970ರ ದಶಕದ ದಲಿತ ಚಳವಳಿ ಈ ಸೂಕ್ಷ್ಮವನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿತ್ತು. ಅಕ್ಷರ ಬಾರದವರೂ ಜಾಥಾದಲ್ಲಿ ನಡೆಯುತ್ತಲೇ ಕಲಿತು ಹಾಡಬೇಕಿತ್ತು. ಸೋಬಾನೆಗೋ ತತ್ವಪದಕ್ಕೋ ಪಳಗಿದ ಗಂಟಲಿಗೆ ಹೊಸ ಸಿಟ್ಟನ್ನೂ ಹೊಸ ಆತ್ಮಗೌರವವನ್ನೂ ಕೊಡಬೇಕಿತ್ತು. ಕೋಲಾರ ಜಿಲ್ಲೆ ಆ ಹಾಡಿನ ದೊಡ್ಡ ನೆಲೆ. ಪಿಚ್ಚಳ್ಳಿ ಶ್ರೀನಿವಾಸರ ಕಂಠವನ್ನು ಕೇಳಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ 'ಹುಣ್ಣಿಮೆ ಹಾಡು' ನಡೆದ ರಾತ್ರಿಗಳಲ್ಲಿ ತಮಟೆಯ ಒಂದೇ ವರಸೆಯ ಮೇಲೆ ಎಷ್ಟು ಬಗೆಯ ಮಾತು ನಿಲ್ಲಬಲ್ಲದು ಎಂಬುದು ಕೂತು ಕೇಳಿದವರಿಗೆಲ್ಲ ತಿಳಿದಿದೆ.

ಇದೇ ಚಳವಳಿಯ ಕವಿ ಸಿದ್ಧಲಿಂಗಯ್ಯನವರ ಮೊದಲ ಸಂಕಲನ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ, ಎರಡನೆಯದಾದ 'ಸಾವಿರಾರು ನದಿಗಳು' 1979ರಲ್ಲಿ. ನಡುವಿನ ನಾಲ್ಕು ವರ್ಷ ಅವರ ಪದ್ಯಗಳು ಪುಸ್ತಕ ಬಿಟ್ಟು ಬೀದಿಗೆ ಬಂದು, ಕವಿಯನ್ನು ಕಂಡೇ ಇರದವರ ಬಾಯಲ್ಲಿ ಊರಿಂದ ಊರಿಗೆ ಹೋಗಿದ್ದವು. ಎರಡನೆಯ ಸಂಕಲನದ ಹೆಸರೇ ಬಹುವಚನದಲ್ಲಿರುವುದು ನನಗೆ ಆಕಸ್ಮಿಕ ಎನ್ನಿಸುವುದಿಲ್ಲ. ಹಾದಿಯಲ್ಲಿ ಕೂಡಿಕೊಂಡ ಜನ ಅದರೊಳಗೆ ಬಂದು ನಿಂತಿದ್ದಾರೆ.

ಈಗ ಮುಳಬಾಗಿಲಿಗೆ ಹೋಗೋಣ. ಊರಿನ ಹೊರಗೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನವಿದೆ. ಸಂಪ್ರದಾಯ ಅವರ ಕಾಲವನ್ನು 1404ರಿಂದ 1502 ಎನ್ನುತ್ತದೆ. ಚನ್ನಪಟ್ಟಣದ ಬಳಿಯ ಅಬ್ಬೂರಿನ ಹುಡುಗ ಲಕ್ಷ್ಮೀನಾರಾಯಣ, ಪದ್ಮನಾಭತೀರ್ಥರ ಪರಂಪರೆಯ ಪೀಠಕ್ಕೆ ಬಂದು, ಇಲ್ಲಿ ನೆಲೆಸಿ, ಇಲ್ಲಿಯೇ ವ್ಯಾಸರಾಯರಿಗೆ ಪಾಠ ಹೇಳಿದರು. ಸಂಸ್ಕೃತದಲ್ಲಿ 'ವಾಗ್ವಜ್ರ'ದಂಥ ಶಾಸ್ತ್ರಗ್ರಂಥ ಬರೆದ ಪಂಡಿತರು ಅವರು. ಅಂಥವರು 'ರಂಗವಿಠಲ' ಅಂಕಿತದಲ್ಲಿ ಕನ್ನಡದ ಕೀರ್ತನೆ, ಸುಳಾದಿ, ಉಗಾಭೋಗ ಹಾಡಿದರು. ಭ್ರಮರಗೀತೆ, ವೇಣುಗೀತೆ, ಗೋಪೀಗೀತೆಗಳನ್ನು ಕಟ್ಟಿದರು. ಶಾಸ್ತ್ರಗ್ರಂಥ ಅವರ ಮೊದಲ ದನಿ ಎಂದುಕೊಂಡರೆ ಈ ಕನ್ನಡದ ಹಾಡುಗಳು ಎರಡನೆಯ ದನಿ. ಪೀಠದ ಘನತೆಗೆ ಹೊಂದುವ ಮೊದಲ ದನಿ ಕೈಯಲ್ಲಿರುವಾಗ ಎರಡನೆಯದನ್ನು ತೆಗೆಯಲು ಧೈರ್ಯ ಬೇಕು. ಆ ಧೈರ್ಯದ ಫಲ ಎಷ್ಟೆಂದರೆ, ಅವರು ಮುಳಬಾಗಿಲಿನಲ್ಲಿ ಕುಳಿತಿದ್ದರೂ ಹಾಡು ಸಂಚಾರ ಹೊರಟಿತು. ವ್ಯಾಸರಾಯರ ಮೂಲಕ ವಿಜಯನಗರಕ್ಕೆ, ಅಲ್ಲಿಂದ ಪುರಂದರದಾಸರ ತಂಬೂರಿಗೆ, ಗೆಜ್ಜೆಗೆ, ನಾಡಿನ ಬೀದಿಬೀದಿಗೆ. ದಾಸರ ಹಾಡುಗಳ ಮೂಲ ಧಾಟಿ ಬಹುಪಾಲು ನಮಗೆ ಉಳಿದಿಲ್ಲ. ಇಂದು ಪುಸ್ತಕದಲ್ಲಿ ಕಾಣುವ ರಾಗ ತಾಳಗಳು ಹೆಚ್ಚಾಗಿ ಮುಂದಿನವರು ಕೂರಿಸಿದವು. ಮಾತು ಗಟ್ಟಿಯಾಗಿದ್ದುದರಿಂದ ಪ್ರತಿ ತಲೆಮಾರೂ ಅದಕ್ಕೆ ತನ್ನ ಧಾಟಿ ಕೊಡಬಲ್ಲದಾಯಿತು.

ಇನ್ನೊಬ್ಬರು ಕೈವಾರದ ತಾತಯ್ಯ. ಕೈವಾರ ಇರುವ ಚಿಂತಾಮಣಿ ತಾಲ್ಲೂಕು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು, ಆದರೆ ತಾತಯ್ಯನವರನ್ನು ಕೋಲಾರ ಬಿಟ್ಟುಕೊಟ್ಟಿಲ್ಲ. ಬಳೆ ಮಾರುತ್ತ ಊರೂರು ತಿರುಗಿದ ಕುಟುಂಬಸ್ಥ ಅವರು. ಆಮೇಲೆ ಯೋಗಿಯಾದರು. ತೆಲುಗಿನಲ್ಲಿ ಕೀರ್ತನೆ ಕಟ್ಟಿದರು, ಕಾಲಜ್ಞಾನ ಹೇಳಿದರು, ಕನ್ನಡದಲ್ಲೂ ಹಾಡಿದರು. ಹಟ್ಟಿಯ ಬಾಗಿಲಲ್ಲಿ ನಿಂತು ಬಳೆ ತೊಡಿಸುವವನು ಆ ಮನೆಯ ಹೆಂಗಸಿನ ಮಾತಿನಲ್ಲೇ ಮಾತಾಡಬೇಕು. ಯಾವ ಹಟ್ಟಿಯಲ್ಲಿ ಯಾವ ಭಾಷೆ ಎಂಬುದು ಅವನಿಗೆ ಬದುಕಿನ ಪ್ರಶ್ನೆ. ತಾತಯ್ಯನವರ ಎರಡು ಭಾಷೆಯ ಹಾಡಿನ ಬೇರು ಈ ತಿರುಗಾಟದಲ್ಲಿದೆ ಎಂದು ನಾನು ತಿಳಿದಿದ್ದೇನೆ. ಗುರುಪೂರ್ಣಿಮೆಯ ಸಮಯಕ್ಕೆ ಕೈವಾರದಲ್ಲಿ ಮೂರು ಹಗಲು ಮೂರು ರಾತ್ರಿ ಬಿಡದೆ ನಡೆಯುವ ಸಂಗೀತೋತ್ಸವಕ್ಕೆ ಹೋದವರು ಕಂಡಿರುತ್ತೀರಿ: ಒಂದು ಭಜನಾ ತಂಡ ತೆಲುಗಿನಲ್ಲಿ ಮುಗಿಸುತ್ತದೆ, ಇನ್ನೊಂದು ಕನ್ನಡದಲ್ಲಿ ಎತ್ತಿಕೊಳ್ಳುತ್ತದೆ, ಕೇಳುವವರು ಕೂತಲ್ಲಿಂದ ಕದಲುವುದಿಲ್ಲ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ದಖ್ಖನಿ, ಕೆಜಿಎಫ್ ಕಡೆ ಹೋದರೆ ತಮಿಳು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಒಂದು ಬೆಳಗ್ಗೆ ನಿಂತರೆ ಇವೆಲ್ಲ ಒಟ್ಟಿಗೇ ಕಿವಿಗೆ ಬೀಳುತ್ತವೆ. ಭಾಷೆ ಬೆರೆಸಿ ಹಾಡುವವರನ್ನು ಬೇರೆ ಕಡೆಯ ವಿಮರ್ಶಕರು ಅನುಮಾನದಿಂದ ನೋಡುತ್ತಾರೆ. ಪೇಟೆಗಾಗಿ ಬೆರೆಸಿದ್ದಾರೆ ಎನ್ನುತ್ತಾರೆ. ಎಲ್ಲಿ ಪೇಟೆಗಾಗಿ, ಎಲ್ಲಿ ಬದುಕಿನಿಂದ ಎಂಬುದನ್ನು ಗುರುತಿಸುವ ಪಳಗಿದ ಕಿವಿ ಈ ಗಡಿನಾಡಿನದು.

ಆ ಕಿವಿಯಿಂದ ನಮ್ಮ ಕಾಲದ ಒಬ್ಬ ಹಾಡುಗಾರನನ್ನು ಕೇಳೋಣ. ಕನ್ನಡದಲ್ಲಿ ಸುಗಮ ಸಂಗೀತದ ಧ್ವನಿಸುರುಳಿ ಯುಗ ಶುರುವಾದದ್ದು 1978ರ 'ನಿತ್ಯೋತ್ಸವ'ದಿಂದ. ಅಲ್ಲಿ ಮಾತು ನಿಸಾರ್ ಅಹಮದರದು, ರಾಗ ಮೈಸೂರು ಅನಂತಸ್ವಾಮಿಯವರದು. ಕವಿ ಬೇರೆ, ಹಾಡುಗಾರ ಬೇರೆ ಎಂಬ ಆ ಏರ್ಪಾಟು ದಶಕಗಳ ಕಾಲ ನಡೆಯಿತು, ಅದರಿಂದ ಕನ್ನಡಕ್ಕೆ ಅಪಾರ ಲಾಭವಾಯಿತು. ಒಬ್ಬನೇ ಎರಡೂ ಆಗಿ ಗಿಟಾರ್ ಹಿಡಿದು ಲೋಕ ಸುತ್ತುವ ಕನ್ನಡಿಗ ಎಂದರೆ ಮೊದಲು ನೆನಪಾಗುವುದು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದವರು, ಭರತನಾಟ್ಯ ಕಲಿತವರು, ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ಮೊದಲ ಆಲ್ಬಂ 2008ರಲ್ಲಿ ಬಂತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಬ್ರಿಟನ್ನಿನ ಉತ್ಸವಗಳು ಬಾಗಿಲು ತೆರೆದವು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಆ ವೇದಿಕೆಗಳಲ್ಲಿ ಹಾಡಿದರು. ಎರಡನೆಯ ಆಲ್ಬಂ 'ಜಗ್ ಚಂಗಾ' ಬರುವ ಹೊತ್ತಿಗೆ 2013. ಐದು ವರ್ಷ.

ಎರಡೂ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳಿವೆ. ಇದನ್ನು ಪುನರಾವರ್ತನೆ ಎಂದು ಕರೆಯುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಮನೆಯಿಂದ ಅಷ್ಟು ದೂರ ಹೋದವರಿಗೆ ಹಿಡಿದುಕೊಳ್ಳಲು ಒಂದು ಮಾತು ಬೇಕು, ಶರೀಫರಿಗಿಂತ ಗಟ್ಟಿಯಾದ ಮಾತು ಎಲ್ಲಿ ಸಿಗುತ್ತದೆ? ಹಿಂದಿ, ಇಂಗ್ಲಿಷ್ ಹಾಡುಗಳೂ ಅಲ್ಲಿವೆ. ನನ್ನ ಕಿವಿಗೆ ಎರಡನೆಯ ಆಲ್ಬಮ್ಮಿನಲ್ಲಿ ಶರೀಫರು ಬಂದ ಕಡೆ ದನಿಗೆ ಬರುವ ಬಿರುಸು ಉಳಿದ ಕಡೆ ಅಷ್ಟು ಬರುವುದಿಲ್ಲ. ವಾದ್ಯಗಳು ದಟ್ಟವಾಗಿವೆ, ಉತ್ಸವದ ಬಯಲು ಅವುಗಳಲ್ಲಿ ಕೇಳುತ್ತದೆ. ಮೊದಲ ಆಲ್ಬಮ್ಮಿನಲ್ಲಿ ಒಬ್ಬಂಟಿ ಕೋಣೆ ಕೇಳುತ್ತಿತ್ತು. ಹಾದಿ ಹಾಡಿನೊಳಗೆ ಬಂದಿದೆ ಎಂಬುದಕ್ಕೆ ಇದೇ ಸಾಕ್ಷಿ, ಅದು ಬರಲೇಬೇಕಿತ್ತು. ಹಾದಿಯಲ್ಲಿ ಕಂಡವರ ಬಗ್ಗೆ ಇನ್ನಷ್ಟು ಸ್ವಂತ ಮಾತು ಕನ್ನಡದಲ್ಲೇ ಬಂದಿದ್ದರೆ ಎಂದು ಆಸೆಪಡುವುದು ಪ್ರೀತಿಯಿಂದ.

ಈ ಆಸೆಯ ಹಿಂದೆ ಮಾಲೂರು ತಾಲ್ಲೂಕಿನ ಒಬ್ಬರಿದ್ದಾರೆ. ಮಾಸ್ತಿಯವರ 'ಸುಬ್ಬಣ್ಣ' ಮೈಸೂರು ಬಿಟ್ಟು ಕಲ್ಕತ್ತೆಯವರೆಗೆ ಹೋಗುವ ಸಂಗೀತಗಾರನ ಕತೆ. ಸಭೆ, ಸಂಭಾವನೆ, ಹೆಸರು, ಇವುಗಳ ಮೇಲೆ ಮಾಸ್ತಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಷ್ಟು ದೂರದ ಬದುಕು ಅವನ ಸಂಗೀತವನ್ನು ಒಳಗಿನಿಂದ ಏನು ಮಾಡಿತು ಎಂಬುದರ ಮೇಲೆ ಅವರ ಕಣ್ಣು. ಹಾಡುತ್ತ ತಿರುಗುವ ಎಲ್ಲ ಎಳೆಯರಿಗೂ ನಾನು ಆ ಪುಸ್ತಕವನ್ನು ಕೊಡಬಯಸುತ್ತೇನೆ.

ಮುಳಬಾಗಿಲಿನಲ್ಲೇ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರನ್ನು ಇಲ್ಲಿಯವರೆಗೆ ತಡೆದಿಟ್ಟುಕೊಂಡಿದ್ದೆ. ಬೇಲೂರಿನ ಮದನಿಕೆಯರ ಮೇಲೆ 'ಅಂತಃಪುರ ಗೀತೆ'ಯನ್ನು ರಾಗಗಳ ಸಮೇತ ಬರೆದ ಅವರು ಹಾಡಿನ ಕವಿಯೂ ಹೌದು. 'ಮಂಕುತಿಮ್ಮನ ಕಗ್ಗ' 1943ರಲ್ಲಿ ಬಂತು. ಇಂದು ಅದನ್ನು ಗಮಕಿಗಳೂ ಗಾಯಕರೂ ಹಾಡದ ಊರಿಲ್ಲ. ಆಮೇಲೂ ಅವರು ಅದೇ ನಾಲ್ಕು ಸಾಲಿನ ಅಳತೆಯಲ್ಲಿ, ಕೊನೆಯಲ್ಲಿ ಬೇರೊಂದು ಅಂಕಿತ ಇಟ್ಟು ಬರೆಯುತ್ತ ಹೋದರು. ಅವರು 1975ರಲ್ಲಿ ತೀರಿಕೊಂಡರು; ಆ ಪದ್ಯಗಳು 'ಮರುಳ ಮುನಿಯನ ಕಗ್ಗ'ವಾಗಿ 1984ರಲ್ಲಿ ಬಂದವು. ಅದೇ ಮಟ್ಟು, ಹೊಸ ಮಾತು. ಮೊದಲನೆಯದರ ಬೆಳಕಿನಲ್ಲಿ ಅದು ಹಿಂದೆ ಉಳಿಯಿತು. ಶಾಲಾ ಸ್ಪರ್ಧೆಗೆ ಮಂಕುತಿಮ್ಮನನ್ನೇ ಕಂಠಪಾಠ ಮಾಡಿಸುತ್ತೇವೆ, ಮರುಳ ಮುನಿಯನ ಹೆಸರು ಎತ್ತುವುದಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ, ಒಬ್ಬನೇ ಕವಿ ಅದೇ ಅಳತೆಯೊಳಗೆ ಅದೇ ಪ್ರಶ್ನೆಗಳನ್ನು ಮತ್ತೆ ಎದುರಿಸುವಾಗ ದನಿ ಹೇಗೆ ಬೇರೆಯಾಗುತ್ತದೆ ಎಂಬುದು ಕಾಣುತ್ತದೆ. ಎರಡನೆಯದಕ್ಕೆ ನಾವು ಕೊಡದ ಆ ಒಂದು ಓದು ಈ ಜಿಲ್ಲೆಯ ಋಣವಾಗಿ ಉಳಿದಿದೆ.

ಕೊನೆಯದಾಗಿ ಒಂದು ಬೇಡಿಕೆ. ಈ ನಾಲ್ಕು ತಾಲ್ಲೂಕುಗಳಲ್ಲಿ ತಾವೇ ಬರೆದು ಹಾಡುವ ಎಳೆಯರು ಈಗ ಬಹಳ ಜನ ಇದ್ದಾರೆ. ಮೊದಲ ಹಾಡಿಗೆ ಮೊಬೈಲು ಸಾಕು. ಗೆಳೆಯರು ಹಂಚುತ್ತಾರೆ, ಹಬ್ಬದ ವೇದಿಕೆಗೆ ಕರೆಯುತ್ತಾರೆ. ಎರಡನೆಯದನ್ನು ಮಾಡುವ ಹೊತ್ತಿಗೆ ಯಾರೂ ಜೊತೆಗಿರುವುದಿಲ್ಲ. ಅಲ್ಲಿಗೇ ನಿಂತುಹೋದವರನ್ನು ನೀವೂ ಬಲ್ಲಿರಿ. ಕಾಲೇಜಿನ ಕನ್ನಡ ವಿಭಾಗಗಳು ಅಂಥವರನ್ನು ಕರೆಸಿ ಧ್ವನಿಮುದ್ರಣ ಮಾಡಿಸಲಿ. ಪ್ರತಿ ಹಾಡಿಗೂ ಯಾವ ಮಟ್ಟು, ಯಾರಿಂದ ಕಲಿತದ್ದು, ಯಾವ ಭಾಷೆಯ ಮನೆಯಿಂದ ಬಂದದ್ದು ಎಂದು ಬರೆದಿಡಲಿ. ತಮಟೆಯವರನ್ನು, ತತ್ವಪದದ ಅಜ್ಜಂದಿರನ್ನು ಅದೇ ಕೋಣೆಗೆ ಕರೆಯಲಿ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಅಂಥ ಕೈಗಳ ಪಕ್ಕದಲ್ಲಿ ಗಿಟಾರ್ ಹಿಡಿದ ಹುಡುಗಿಯೊಬ್ಬಳು ಕೂತು ತನ್ನ ಎರಡನೆಯ ಹಾಡಿನ ಗುಚ್ಛ ಕಟ್ಟುವಂತಾಗಲಿ. ಮುಂದಿನ ವರ್ಷದ ಈ ಉಪನ್ಯಾಸಕ್ಕೆ ಮಾತಾಡುವವರ ಬದಲು ಅಂಥ ಒಬ್ಬರನ್ನು ಕರೆಸಿ ಒಂದು ಗಂಟೆ ಹಾಡಿಸಬೇಕೆಂದು ದತ್ತಿಯ ಸಮಿತಿಯನ್ನು ಕೇಳಿಕೊಳ್ಳುತ್ತೇನೆ.