ಹೊಸ ಊರಿಗೆ ಬಂದ ಮಗುವಿಗೆ ಕನ್ನಡದ ಕತೆ ಕೊಡೋಣ!

(ಹುಬ್ಬಳ್ಳಿಯ ರಾಜ್ಯೋತ್ಸವ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾಮಫಲಕಗಳ ಮಾತನ್ನು ಇಂದು ಬದಿಗಿಟ್ಟು, ಹತ್ತು ವರ್ಷದ ಒಂದು ಮಗುವಿನ ಮಾತನ್ನಾಡುತ್ತೇನೆ. ತಂದೆಗೆ ರೈಲ್ವೆಯಲ್ಲಿ ನೌಕರಿ. ವರ್ಗವಾಗಿ ಹುಬ್ಬಳ್ಳಿಗೆ ಬಂದಿದ್ದಾರೆ. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿ ಆರಂಭವಾದ ಮೇಲೆ ಇಂಥ ಕುಟುಂಬಗಳು ನಮಗೆ ಅಪರೂಪವಲ್ಲ. ಹಳೆಯ ಶಾಲೆ, ಹಳೆಯ ಗೆಳೆಯರು ಎಲ್ಲವೂ ಹಿಂದೆ ಉಳಿದವು. ಇಲ್ಲಿಯ ಓಣಿಯ ಹುಡುಗ "ಆಡಾಕ ಬರ್ತೀಯೇನಲೇ?" ಎಂದು ಕರೆದರೆ ಆ ಮಗು ಮಿಕಿಮಿಕಿ ನೋಡುತ್ತದೆ. ಮೈಸೂರು ಕಡೆಯ ಕನ್ನಡದ ಮಗುವೇ ನಮ್ಮ ಮಾತಿಗೆ ಒಂದು ಗಳಿಗೆ ತಡವರಿಸುತ್ತದೆ. ಬೇರೆ ಭಾಷೆಯ ಮಗುವಿನ ಪಾಡೇನು?

ಆ ಮಗುವಿಗೆ ಮೊದಲು ಬೇಕಾದದ್ದು ವ್ಯಾಕರಣವಲ್ಲ, ತನ್ನಂಥದೇ ಇನ್ನೊಂದು ಮಗುವಿನ ಕತೆ. ಹುಬ್ಬಳ್ಳಿ ನಿಲ್ದಾಣದಲ್ಲಿ ಇಳಿದ ಮಗು, ಶಾಲೆಯಲ್ಲಿ ಒಂಟಿಯಾಗಿ ಕೂತ ಮೊದಲ ದಿನ, ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತ ಸಿಕ್ಕ ಮೊದಲ ಗೆಳೆಯ, ಉಣಕಲ್ ಕೆರೆಯ ದಂಡೆಯಲ್ಲಿ ಆಡಿದ ಮೊದಲ ಕನ್ನಡ ಮಾತು. ಇಂಥ ಕಾದಂಬರಿ ಓದಿ ಮುಗಿಸುವ ಹೊತ್ತಿಗೆ ಊರು ಆ ಮಗುವಿನದಾಗಿರುತ್ತದೆ! ಇಂಗ್ಲಿಷಿನಲ್ಲಿ ಹೊಸ ಊರಿಗೆ ಹೋದ ಮಕ್ಕಳ ಕತೆಗಳು ರಾಶಿ ರಾಶಿ ಇವೆ. ಅವನ್ನಷ್ಟೇ ಓದಿ ಬೆಳೆದರೆ ಲಂಡನ್ನಿನ ಬೀದಿ ಗೊತ್ತಾದೀತು, ಪಕ್ಕದ ಓಣಿ ಗೊತ್ತಾಗದು.

ಕನ್ನಡದಲ್ಲಿ ಮಕ್ಕಳ ಕಾದಂಬರಿ ಎಲ್ಲಿದೆ ಎನ್ನುವಿರಾ? ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2021ರಲ್ಲಿ ನಮ್ಮ ಧಾರವಾಡದ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ'ನಿಗೆ ಬಂತು. 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಮೂರೂ ಮಕ್ಕಳ ಕಾದಂಬರಿಗಳೇ! ಇವುಗಳಲ್ಲಿ ಒಂದಾದರೂ ನಿಮ್ಮ ಮಗುವಿನ ಶಾಲೆಯ ಕಪಾಟಿನಲ್ಲಿದೆಯೇ? ಬರೆಯುವವರಿದ್ದಾರೆ, ಕೊಂಡು ಓದಿಸಬೇಕಾದ ನಾವು ಮಲಗಿದ್ದೇವೆ. ಈ ಮಾತನ್ನು ಮೊದಲು ನನಗೇ ಹೇಳಿಕೊಳ್ಳುತ್ತೇನೆ.

2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಶಾಲೆಗಳಲ್ಲಿ ಕನ್ನಡ ಕಲಿಸುವುದನ್ನು ಕಡ್ಡಾಯ ಮಾಡಿತು. ಅದು ಬೇಕೇ ಬೇಕು. ಆದರೆ ಕಾಯಿದೆಯಿಂದ ಅಂಕ ಬಂದೀತು, ಅಕ್ಕರೆ ಬಾರದು. ಜರ್ಮನಿಯಿಂದ ಈ ನಾಡಿಗೆ ಬಂದ ಕಿಟೆಲ್ 1894ರಲ್ಲಿ ನಮಗೆ ನಿಘಂಟು ಕೊಟ್ಟ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಧಾರವಾಡದಲ್ಲಿ ಕನ್ನಡದ ವರಕವಿಯಾದರು. ಇವರನ್ನು ಕನ್ನಡಕ್ಕೆ ಕಟ್ಟಿಹಾಕಿದ್ದು ಯಾವ ಕಾಯಿದೆಯೂ ಅಲ್ಲ, ಕನ್ನಡದ ಸವಿ! ಆ ಸವಿಯನ್ನು ಹೊಸದಾಗಿ ಬಂದ ಮಗುವಿಗೆ ಉಣಿಸದೆ, ಅದು ಬೆಳೆದ ಮೇಲೆ "ಕನ್ನಡ ಕಲಿಯಲಿಲ್ಲ" ಎಂದು ಗದರಿದರೆ ಯಾರ ತಪ್ಪು?

ಆದ್ದರಿಂದ ಮೂರು ಕೆಲಸ. ಪ್ರತಿ ಸಂಘಟನೆಯೂ ವರ್ಷಕ್ಕೊಂದು ಶಾಲೆಗೆ ಕನ್ನಡದ ಮಕ್ಕಳ ಕಾದಂಬರಿಗಳನ್ನು ಕೊಡಲಿ. ಹಾರ ತುರಾಯಿಯ ಖರ್ಚು ಅದಕ್ಕೆ ಸಾಕು. ನಮ್ಮ ಲೇಖಕರು ಹುಬ್ಬಳ್ಳಿ-ಧಾರವಾಡಕ್ಕೆ ಬಂದಿಳಿದ ಮಗುವಿನ ಕತೆಯನ್ನು ಇಲ್ಲಿಯ ಮಾತಿನಲ್ಲೇ ಬರೆಯಲಿ. ಮೂರನೆಯದು ನಿಮ್ಮ ಪಾಲಿನದು. ಓಣಿಗೆ ಹೊಸ ಮನೆಯವರು ಬಂದಾಗ, ಪೇಡೆಯ ಜೊತೆಗೆ ಅವರ ಮಗುವಿಗೊಂದು ಕನ್ನಡ ಪುಸ್ತಕ ಒಯ್ಯಿರಿ. ಓದಲು ಬಾರದಿದ್ದರೆ ಪಕ್ಕದಲ್ಲಿ ಕೂತು ಓದಿ ಹೇಳಿರಿ.

ಇಂದು ಕತೆ ಕೇಳಿದ ಮಗು ನಾಳೆ ನಮ್ಮೊಡನೆ ನಿಂತು ಕನ್ನಡ ಕೇಳುತ್ತದೆ.

ಸಿರಿಗನ್ನಡಂ ಗೆಲ್ಗೆ!